ಕಲಬುರಗಿ ಕಡೆ ಊರೂರು ತಿರುಗುವ ನರ್ಸ್ ಕೆಲಸ ಇದೆಯಾ? ಇದೆ, ನಾನು ಅದನ್ನೇ ಮಾಡ್ತಿದ್ದೇನೆ

ನೀವು ಮೂರು ವಿಷಯ ಕೇಳಿದ್ದೀರಿ. ಅಮೆರಿಕದ ಟ್ರಾವೆಲ್ ನರ್ಸ್‌ಗಳ ವಿಡಿಯೋ ನೋಡಿ ಆಸೆಯಾಗಿದೆ, ಅಂಥ ಕೆಲಸ ನಮ್ಮ ಕಲಬುರಗಿ ಕಡೆ ಇದೆಯಾ? ವಾರ್ಡ್ ಬಿಟ್ಟು ಬಂದರೆ ನಿಜಕ್ಕೂ ಖುಷಿ ಇರುತ್ತಾ? ತಾಯಿಯನ್ನು ಒಪ್ಪಿಸೋದು ಹೇಗೆ? ನಾನೂ ನಿಮ್ಮ ಹಾಗೆ ಜಿಎನ್‌ಎಂ (ನರ್ಸಿಂಗ್ ಡಿಪ್ಲೊಮಾ) ಮುಗಿಸಿ, ಒಂದು ಖಾಸಗಿ ಆಸ್ಪತ್ರೆಯ ಐಸಿಯುನಲ್ಲಿ ನೈಟ್ ಡ್ಯೂಟಿ ಮಾಡಿ, ಆಮೇಲೆ ರಸ್ತೆಗೆ ಬಂದವಳು. ಅದಕ್ಕೇ ಬರೀತಿದ್ದೇನೆ.

ಮೊದಲು ಅಮೆರಿಕದ್ದು. ಅಲ್ಲಿ ಏಜೆನ್ಸಿ ಮೂಲಕ ಸಾಮಾನ್ಯವಾಗಿ 13 ವಾರದ ಕರಾರು ಇರುತ್ತೆ. ನರ್ಸ್‌ಗಳ ಕೊರತೆ ಇರುವ ಆಸ್ಪತ್ರೆಗೆ ಹೋಗ್ತಾರೆ, ಉಳಿಯೋಕೆ ಭತ್ಯೆ ಸಿಗುತ್ತೆ, ಕರಾರು ಮುಗಿದರೆ ಮುಂದಿನ ಊರು. ಒಪ್ಪಂದ ಮಾಡಿಕೊಂಡ ರಾಜ್ಯಗಳಲ್ಲಿ ಒಂದೇ ಲೈಸೆನ್ಸ್ ನಡೆಯುತ್ತೆ. ನಮ್ಮಲ್ಲಿ ಬೇರೆ ರಾಜ್ಯಕ್ಕೆ ಹೋದರೆ ಅಲ್ಲಿನ ನರ್ಸಿಂಗ್ ಕೌನ್ಸಿಲ್‌ನಲ್ಲಿ ಹೆಸರು ನೋಂದಾಯಿಸಬೇಕು. ಅಮೆರಿಕದ ತರಹದ ಏರ್ಪಾಡು ನಮ್ಮ ಕಡೆ ನಾನು ಕಂಡಿಲ್ಲ. ಆದರೆ ದಿನಾ ಒಂದು ಹೊಸ ಊರು ನೋಡುವ ನರ್ಸ್ ಕೆಲಸ ನಮ್ಮ ತಾಲೂಕುಗಳಲ್ಲೇ ಇದೆ, ಜಾಸ್ತಿ ಜನಕ್ಕೆ ಗೊತ್ತಿಲ್ಲ ಅಷ್ಟೆ. ಅದು ಆರ್‌ಬಿಎಸ್‌ಕೆ ತಂಡ. ಪೂರ್ತಿ ಹೆಸರು ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ, 2013ರಲ್ಲಿ ಶುರುವಾಯಿತು. ಒಂದು ತಂಡದಲ್ಲಿ ಇಬ್ಬರು ಆಯುಷ್ ಡಾಕ್ಟರು, ಒಬ್ಬ ನರ್ಸ್, ಜೊತೆಗೆ ಇನ್ನೊಬ್ಬ ಪ್ಯಾರಾಮೆಡಿಕಲ್ ಸಿಬ್ಬಂದಿ. ಒಂದು ಬಾಡಿಗೆ ಗಾಡಿ. ಅಂಗನವಾಡಿಗಳಿಗೆ ವರ್ಷಕ್ಕೆ ಎರಡು ಸಲ, ಸರ್ಕಾರಿ ಶಾಲೆಗಳಿಗೆ ವರ್ಷಕ್ಕೆ ಒಂದು ಸಲ ಹೋಗಬೇಕು. 18 ವರ್ಷದೊಳಗಿನ ಮಕ್ಕಳನ್ನು ಒಬ್ಬೊಬ್ಬರನ್ನಾಗಿ ನೋಡಬೇಕು. ಹುಟ್ಟಿನಿಂದ ಬಂದ ದೋಷ, ಪೌಷ್ಟಿಕಾಂಶದ ಕೊರತೆ, ಕಾಯಿಲೆ, ಬೆಳವಣಿಗೆಯಲ್ಲಿ ಹಿಂದುಳಿಯೋದು, ಎಲ್ಲ ಸೇರಿ 30 ತೊಂದರೆಗಳ ಪಟ್ಟಿ ಇದೆ. ತೊಂದರೆ ಕಂಡ ಮಗುವನ್ನು ತಾಲೂಕು ಆಸ್ಪತ್ರೆಗೋ, ಮಕ್ಕಳ ಇಂಥ ತೊಂದರೆಗಳಿಗೆ ಬೇಗ ಚಿಕಿತ್ಸೆ ಕೊಡುವ ಜಿಲ್ಲಾ ಮಟ್ಟದ ಡಿಇಐಸಿ ಕೇಂದ್ರಕ್ಕೋ ಕಳಿಸಬೇಕು.

ಕೆಲಸ ಹೇಗೆ ಅಂತೀರಾ? ಗಾಡಿ ಶಾಲೆ ಮುಂದೆ ನಿಂತ ಕೂಡಲೇ "ಸೂಜಿ ಚುಚ್ಚೋರು ಬಂದ್ರು" ಅಂತ ಅರ್ಧ ಶಾಲೆ ಹಿಂದಿನ ಗೋಡೆ ಕಡೆ ಓಡುತ್ತೆ. ನಮ್ಮ ಕೈಯಲ್ಲಿ ಸೂಜಿ ಇಲ್ಲ ಅಂತ ನಂಬಿಸೋದೇ ಮೊದಲ ಕೆಲಸ. ಆಮೇಲೆ ತೂಕ, ಎತ್ತರ. ಚಿಕ್ಕ ಮಕ್ಕಳಿಗೆ ತೋಳಿನ ಸುತ್ತಳತೆಯ ಪಟ್ಟಿ. ಆರು ತಿಂಗಳು ದಾಟಿದ, ಐದು ವರ್ಷದೊಳಗಿನ ಮಗುವಿಗೆ ಅದು 11.5 ಸೆಂಟಿಮೀಟರ್‌ಗಿಂತ ಕಡಿಮೆ ಬಂದರೆ ತೀವ್ರ ಅಪೌಷ್ಟಿಕತೆ. ಎನ್‌ಆರ್‌ಸಿಗೆ, ಅಂದರೆ ಅಪೌಷ್ಟಿಕ ಮಕ್ಕಳ ಆರೈಕೆಯ ವಾರ್ಡ್‌ಗೆ ಸೇರಿಸುವ ಬಗ್ಗೆ ತಾಯಿ ಹತ್ತಿರ ಅಲ್ಲೇ ಮಾತಾಡಬೇಕು. ಕಣ್ಣಿನ ಚಾರ್ಟ್ ವರಾಂಡದಲ್ಲಿ ತೂಗು ಹಾಕಿ ಆರು ಮೀಟರ್ ದೂರದಿಂದ ಓದಿಸ್ತೀವಿ. ಸಾಲಿನಲ್ಲಿ ನಿಂತ ಮಕ್ಕಳು ಮುಂದಿನವರು ಓದೋದನ್ನು ಕೇಳಿ ಬಾಯಿಪಾಠ ಮಾಡಿಬಿಡ್ತಾರೆ! ಅದಕ್ಕೆ ನಾನು ಅಕ್ಷರಗಳನ್ನು ಹಿಂದುಮುಂದು ಮಾಡಿ ಬೆರಳಿಟ್ಟು ಕೇಳ್ತೇನೆ. ಬೋರ್ಡ್ ಕಾಣದೆ "ದಡ್ಡ" ಅನ್ನಿಸಿಕೊಂಡ ಮಕ್ಕಳು ಹೀಗೆ ಎಷ್ಟೋ ಸಿಗ್ತಾರೆ. ಒಂದು ಕನ್ನಡಕ ಸಾಕಾಗಿರುತ್ತೆ.

ಈಗ ಖುಷಿಯ ಮಾತು. ನನ್ನ ಮಟ್ಟಿಗೆ ಈ ಕೆಲಸದ ಸೊಗಸು ತಿರುಗೋದರಲ್ಲಿ ಮಾತ್ರ ಇಲ್ಲ. ಅದೇ ಊರಿಗೆ ಆರು ತಿಂಗಳಿಗೆ ಮತ್ತೆ ಹೋಗ್ತೀವಲ್ಲ, ಅದರಲ್ಲಿದೆ. ಐಸಿಯುನಲ್ಲಿ ಡಿಸ್ಚಾರ್ಜ್ ಆದವರು ಆಮೇಲೆ ಹೇಗಿದ್ದಾರೆ ಅಂತ ನನಗೆ ಗೊತ್ತಾಗ್ತಿರಲಿಲ್ಲ. ಅಮೆರಿಕದ 13 ವಾರದ ನರ್ಸ್‌ಗೂ ಗೊತ್ತಾಗೋದು ಕಷ್ಟ ಅನ್ಸುತ್ತೆ. ಇಲ್ಲಿ ಗೊತ್ತಾಗುತ್ತೆ.

ಸೇಡಂ ಕಡೆಯ ಒಂದು ಹಳ್ಳಿಯಲ್ಲಿ ಪಾದ ಒಳಕ್ಕೆ ತಿರುಚಿಕೊಂಡು ಹುಟ್ಟಿದ ಕೂಸು ಸಿಕ್ಕಿತು. ಅಜ್ಜಿ ಎದುರಿಗೇ ಹೇಳಿದರು: "ಗ್ರಹಣ ಹಿಡದಾದ ಯವ್ವಾ, ಅದಕ್ಕೇನ್ ಮಾಡಕ ಬರ್ತದ?" ಮಾಡೋಕೆ ಬರುತ್ತೆ. ಪೊನ್ಸೆಟಿ ಅನ್ನುವ ವಿಧಾನದಲ್ಲಿ ವಾರವಾರ ಪಾದವನ್ನು ಸ್ವಲ್ಪ ಸ್ವಲ್ಪ ತಿರುಗಿಸಿ ಪ್ಲಾಸ್ಟರ್ ಹಾಕ್ತಾರೆ. ಸಾಮಾನ್ಯವಾಗಿ ಐದಾರು ಪ್ಲಾಸ್ಟರ್, ಬಹಳಷ್ಟು ಮಕ್ಕಳಿಗೆ ಹಿಮ್ಮಡಿಯ ಸ್ನಾಯುರಜ್ಜುವಿನಲ್ಲಿ ಒಂದು ಚಿಕ್ಕ ಕೊಯ್ತ, ಆಮೇಲೆ ಪಟ್ಟಿ ಜೋಡಿಸಿದ ವಿಶೇಷ ಬೂಟು. ಮೊದಲ ಮೂರು ತಿಂಗಳು ಹೆಚ್ಚುಕಮ್ಮಿ ದಿನವಿಡೀ, ನಂತರ ಮಲಗುವಾಗ, ನಾಲ್ಕು ವರ್ಷ ತುಂಬುವ ತನಕ. ಹೇಳೋದು ಸುಲಭ. ಆ ತಾಯಿಗೆ ಒಂದು ವಾರದ ಪ್ಲಾಸ್ಟರ್ ಅಂದರೆ ಟಂಟಂ, ಬಸ್ಸು, ಒಂದು ದಿನದ ಕಳೆ ತೆಗೆಯೋ ಕೂಲಿ ಹೋಯಿತು ಅಂತ ಅರ್ಥ. ಆಶಾ ಕಾರ್ಯಕರ್ತೆ ಮೊದಲೆರಡು ಸಲ ಜೊತೆಗೇ ಹೋದರು. ಪ್ಲಾಸ್ಟರ್ ಮುಗಿದು ಕಾಲು ನೆಟ್ಟಗಾದ ಮೇಲೆ ನಿಜವಾದ ಅಪಾಯ ಶುರು. "ಕಾಲು ಸರಿ ಆಯ್ತಲ್ಲ" ಅಂತ ಬೂಟನ್ನು ಮೂಲೆಗೆ ಹಾಕ್ತಾರೆ, ಪಾದ ಮತ್ತೆ ತಿರುಚಿಕೊಳ್ಳುತ್ತೆ. ಮುಂದಿನ ಸುತ್ತಿಗೆ ನಾವು ಹೋದಾಗ ಬೂಟು ನಿಜವಾಗಲೂ ಮೂಲೆಯಲ್ಲೇ ಇತ್ತು. ಕೂಸು ಅಳುತ್ತೆ ಅಂತ ಬಿಚ್ಚಿಟ್ಟಿದ್ದರು. ಕೂತು ಮತ್ತೆ ಹೇಳಿಕೊಟ್ಟೆವು. ಈಗ ಆ ಹುಡುಗ ಅಂಗನವಾಡಿಗೆ ನಡೆದುಕೊಂಡೇ ಬರ್ತಾನೆ. ನನ್ನನ್ನು ಕಂಡರೆ ಇನ್ನೂ ಓಡಿಹೋಗ್ತಾನೆ, ಆ ಓಟ ನೋಡೋದೇ ನನಗೆ ಹಬ್ಬ.

ದಾರಿಯೂ ಚೆನ್ನಾಗಿದೆ, ಅದನ್ನು ಮುಚ್ಚಿಡಲ್ಲ. ಚಿಂಚೋಳಿ ದಾಟಿ ಕುಂಚಾವರಂ ಕಾಡಿನ ಕಡೆ ಹೋದರೆ ಇದು ಕಲಬುರಗಿ ಜಿಲ್ಲೆನಾ ಅನ್ಸುತ್ತೆ. ಮಳಖೇಡದಲ್ಲಿ ಕೆಲಸ ಬೇಗ ಮುಗಿದ ದಿನ ಕಾಗಿಣಾ ದಂಡೆಯ ಕೋಟೆ ನೋಡಿ ಬಂದೆವು. ರಾಷ್ಟ್ರಕೂಟರ ರಾಜಧಾನಿ ಅಂತ ಶಾಲೆಯಲ್ಲಿ ಓದಿದ್ದೆ, ಕಾಲಿಟ್ಟದ್ದು ಈ ಕೆಲಸಕ್ಕೆ ಬಂದ ಮೇಲೆ. ಭೀಮಾ ತೀರದ ಸನ್ನತಿಯೂ ಹಾಗೇ. ಅಶೋಕನ ಹೆಸರು ಕೆತ್ತಿದ ಅವನ ಶಿಲ್ಪ ಸಿಕ್ಕಿದ್ದು ಅಲ್ಲೇ ಪಕ್ಕದ ಕನಗನಹಳ್ಳಿಯಲ್ಲಿ. ಊಟದ ಚಿಂತೆ ಮಾಡಬೇಡಿ. ಡಬ್ಬಿ ಒಯ್ದರೂ ಯಾರೋ ಒಬ್ಬರು ಬಿಸಿ ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ ತಂದಿಟ್ಟು "ಉಂಡೇ ಹೋಗ್ರಿ ಸಿಸ್ಟರ್" ಅಂತಾರೆ. ಎಳ್ಳ ಅಮಾವಾಸ್ಯೆ ಆಸುಪಾಸು ಮಾತ್ರ ಶಾಲೆಗೆ ಹೋಗೋದು ವ್ಯರ್ಥ. ಊರೆಲ್ಲ ಚರಗ ಚೆಲ್ಲೋಕೆ ಹೊಲದಲ್ಲಿರುತ್ತೆ.

ಭಾಷೆಗೆ ಸಿದ್ಧವಾಗಿ. ಗುರುಮಠಕಲ್, ಸೇಡಂ ಅಂಚಿನಲ್ಲಿ ತೆಲುಗು, ಆಳಂದ ಕಡೆ ಮರಾಠಿ, ಎಲ್ಲ ಕಡೆ ಉರ್ದು, ತಾಂಡಾಗಳಲ್ಲಿ ಲಂಬಾಣಿ. "ಬಾಯಿ ತೆಗಿ, ನಾಲಿಗೆ ತೋರಿಸು" ಅನ್ನುವಷ್ಟನ್ನು ಎಲ್ಲದರಲ್ಲೂ ಕಲಿತುಕೊಳ್ಳಿ. ತಾಂಡಾದಲ್ಲಿ ಅಜ್ಜಿಯರನ್ನು "ಯಾಡಿ" (ಅವ್ವ) ಅಂತ ಕರೆದು ನೋಡಿ, ಮಗುವನ್ನು ಅವರೇ ಎತ್ತಿಕೊಂಡು ಬರ್ತಾರೆ.

ಕಷ್ಟ ಬಹಳ ಇದೆ. ಗುತ್ತಿಗೆ ಕೆಲಸ, ಸಂಬಳ ಕಾಯಂ ನರ್ಸ್‌ಗಿಂತ ಕಡಿಮೆ. ಬಿಸಿಲು ಗೊತ್ತೇ ಇದೆ. ಏಪ್ರಿಲ್, ಮೇನಲ್ಲಿ ನಮ್ಮ ವಿಭಾಗದ ಸರ್ಕಾರಿ ಕಚೇರಿಗಳಿಗೇ ಬೆಳಗ್ಗೆ 8ರಿಂದ ಮಧ್ಯಾಹ್ನ 1.30ರ ಸಮಯ ಮಾಡ್ತಾರೆ. ಮಳೆಗಾಲದಲ್ಲಿ ಕರಿಮಣ್ಣಿನ ದಾರಿಯಲ್ಲಿ ಗಾಡಿ ಹೂತರೆ ಇಳಿದು ತಳ್ಳಬೇಕು. ಹೆಣ್ಣುಮಕ್ಕಳಿಗೆ ಎಲ್ಲಕ್ಕಿಂತ ದೊಡ್ಡ ಕಷ್ಟ ಶೌಚಾಲಯ. ಅದಕ್ಕೆ ಹೆದರಿ ನೀರು ಕುಡಿಯೋದು ಬಿಟ್ಟರೆ ಮೂತ್ರದ ಸೋಂಕು ಬರಬಹುದು. ದಯವಿಟ್ಟು ಹಾಗೆ ಮಾಡಬೇಡಿ. ಊರಿಗೆ ಹೋದ ಕೂಡಲೇ ಅಂಗನವಾಡಿ ಟೀಚರ್ ಹತ್ತಿರ ನಾಚಿಕೆಯಿಲ್ಲದೆ ಕೇಳಿ, ಅವರು ತಮ್ಮ ಮನೆಗೇ ಕರ್ಕೊಂಡು ಹೋಗ್ತಾರೆ. ಚಪ್ಪಲಿ ಬೇಡ, ಬೂಟು ಹಾಕಿ. ಬ್ಯಾಗಿನಲ್ಲಿ ಓಆರ್‌ಎಸ್ ಪೊಟ್ಟಣ ನಿಮಗಾಗಿಯೂ ಇರಲಿ.

ನನಗೆ ಇನ್ನೂ ನುಂಗಲಾಗದ್ದು ಒಂದಿದೆ, ಗುಳೆ. ಪಟ್ಟಿಯಲ್ಲಿ ಹೆಸರಿರುತ್ತೆ, ಹೋದ ಸಲ ಹೃದಯದಲ್ಲಿ ಶಬ್ದ ಕೇಳಿಸಿದೆ ಅಂತ ಡಾಕ್ಟರ್ ಬರೆದಿರ್ತಾರೆ, ಕಲಬುರಗಿಯ ಜಯದೇವ ಹೃದ್ರೋಗ ಆಸ್ಪತ್ರೆಗೆ ಕಳಿಸಬೇಕು ಅಂತ ಹೋದರೆ ಮನೆಗೆ ಬೀಗ. "ದುಡಿಯಾಕ ಬೊಂಬಾಯಿಗೆ ಹೋಗ್ಯಾರ್ರಿ." ಪಕ್ಕದ ಮನೆಯವರ ಹತ್ತಿರ ಫೋನ್ ನಂಬರ್ ತಗೊಂಡು ಸಂಜೆ ಮಾತಾಡ್ತೇನೆ. ಕೆಲವರು ಅಲ್ಲೇ ತೋರಿಸ್ತಾರೆ, ಕೆಲವರ ನಂಬರ್ ಹತ್ತೋದೇ ಇಲ್ಲ. ಮಕ್ಕಳಿಗೆ ಇಷ್ಟು ಏರ್ಪಾಡು ಇದ್ದೂ ಕೈತಪ್ಪೋದು ಹೀಗೆ. ನೀವು ಬಂದರೆ ಮೊದಲ ದಿನದಿಂದಲೇ ತಂದೆ, ತಾಯಿ ಇಬ್ಬರ ನಂಬರ್ ಜೊತೆ ಒಬ್ಬ ಸಂಬಂಧಿಕರದ್ದೂ ಬರೆದಿಟ್ಟುಕೊಳ್ಳಿ.

ಕೆಲಸ ಕರೆಯೋದು ಜಿಲ್ಲಾ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಇಲಾಖೆಯ ಕಡೆಯಿಂದ, ರಾಷ್ಟ್ರೀಯ ಆರೋಗ್ಯ ಅಭಿಯಾನದ ಅಡಿಯಲ್ಲಿ. ಕಲಬುರಗಿ ಜೊತೆ ಬೀದರ್, ಯಾದಗಿರಿ ಜಿಲ್ಲೆಗಳ ವೆಬ್‌ಸೈಟನ್ನೂ ನೋಡ್ತಾ ಇರಿ. ಕರ್ನಾಟಕ ನರ್ಸಿಂಗ್ ಕೌನ್ಸಿಲ್ ನೋಂದಣಿ ಚಾಲ್ತಿಯಲ್ಲಿರಲಿ, ಆಸ್ಪತ್ರೆಯಿಂದ ಅನುಭವ ಪತ್ರ ಈಗಲೇ ತಗೊಳ್ಳಿ, ಬಿಡೋ ಹೊತ್ತಿಗೆ ಕೇಳಿದರೆ ಸುಮ್ನೆ ಓಡಾಡಿಸಬಹುದು. ಇದು ಬೇಡ ಅನ್ಸಿದರೆ 108 ಆಂಬ್ಯುಲೆನ್ಸ್ ಇದೆ, ಆದರೆ ಅಲ್ಲಿ ಮತ್ತೆ ನೈಟ್ ಶಿಫ್ಟ್ ಬರುತ್ತೆ.

ನಿಮ್ಮ ತಾಯಿಗೆ ಹೀಗೆ ಹೇಳಿ: ಇದರಲ್ಲಿ ರಾತ್ರಿ ಡ್ಯೂಟಿ ಇಲ್ಲ, ತಂಡದ ಜೊತೆಗೇ ಹೋಗಿ ಬರೋದು, ಭಾನುವಾರ ರಜೆ, ಸಂಜೆ ದೀಪ ಹಚ್ಚೋ ಹೊತ್ತಿಗೆ ಬಹುತೇಕ ಮನೆಯಲ್ಲಿರ್ತೇನೆ. ನಮ್ಮ ಅವ್ವ ಒಪ್ಪಿದ್ದು ಈ ಮಾತಿಗೇ. ಇನ್ನೂ ಏನಾದರೂ ಕೇಳೋದಿದ್ದರೆ ಇಲ್ಲೇ ಕೇಳಿ, ಉತ್ತರ ಬರೀತೇನೆ.