ಶನಿವಾರದ ಆ ಎರಡು ಗಂಟೆ

ಪ್ರಶ್ನೆ: ನಾನು ಮೆಕ್ಯಾನಿಕಲ್ ವಿಭಾಗದ ಉಪನ್ಯಾಸಕಿ. ಈ ಸೆಮಿಸ್ಟರ್‌ನಲ್ಲಿ ‘ವೃತ್ತಿ ಕೌಶಲ’ ಅನ್ನುವ ಪೇಪರನ್ನು ನನ್ನ ತಲೆಗೆ ಕಟ್ಟಿದ್ದಾರೆ. ವಾರಕ್ಕೆ 2 ಗಂಟೆ, ಅದೂ ಶನಿವಾರ ಮಧ್ಯಾಹ್ನ. ಅರ್ಧ ಕ್ಲಾಸ್ ಬರುವುದಿಲ್ಲ, ಬಂದವರು ಫೋನ್ ನೋಡುತ್ತಾರೆ. ಇದನ್ನೆಲ್ಲ ಕಲಿಸೋಕೆ ಆಗುತ್ತಾ? ನನಗೇ ನಂಬಿಕೆ ಇಲ್ಲ.

ಉತ್ತರ: ಕಲಿಸೋಕೆ ಆಗುತ್ತದೆ ಮೇಡಂ. ಆದರೆ ಶನಿವಾರ ಮಧ್ಯಾಹ್ನ ಬೇರೆಯಾಗಿ ಕೂರಿಸಿ ‘ಸಂವಹನ ಎಂದರೇನು’ ಅಂತ ಸ್ಲೈಡ್ ಹಾಕಿದರೆ ಆಗುವುದಿಲ್ಲ. ಅಮೆರಿಕದಲ್ಲಿ 2000ದ ಹೊತ್ತಿಗೆ ಎಂಜಿನಿಯರಿಂಗ್ ಪದವಿಗೆ ಮಾನ್ಯತೆ ಕೊಡುವ ಎಬೆಟ್ ಸಂಸ್ಥೆ 11 ಗುರಿಗಳ ಪಟ್ಟಿ ಮಾಡಿತು. ಅದರಲ್ಲಿ 6 ಇಂಥವೇ: ತಂಡದಲ್ಲಿ ಕೆಲಸ, ನೀತಿ, ಬರವಣಿಗೆ-ಮಾತು ಇತ್ಯಾದಿ. ಆಗಲೂ ಮೇಷ್ಟ್ರುಗಳು ನಿಮ್ಮ ಹಾಗೇ ಗೊಣಗಿದ್ದರು.

ಮಾರ್ಸ್ ಕ್ಲೈಮೇಟ್ ಆರ್ಬಿಟರ್ ಕಥೆ ನಿಮ್ಮ ಹುಡುಗರಿಗೆ ಗೊತ್ತಿರುತ್ತದೆ. 1999ರಲ್ಲಿ ನಾಸಾ ಮಂಗಳನ ಹತ್ತಿರ ಕಳೆದುಕೊಂಡ ನೌಕೆ. ಒಂದು ತಂಡದ ಸಾಫ್ಟ್‌ವೇರ್ ಪೌಂಡ್ ಲೆಕ್ಕದಲ್ಲಿ ಅಂಕಿ ಕೊಟ್ಟಿತು, ಇನ್ನೊಂದು ತಂಡ ಅದನ್ನು ನ್ಯೂಟನ್ (ಬಲವನ್ನು ಅಳೆಯುವ ಬೇರೆ ಮಾನ) ಅಂದುಕೊಂಡಿತು. ಎಲ್ಲರೂ ಇಲ್ಲಿಗೇ ನಿಲ್ಲಿಸುತ್ತಾರೆ. ಅರ್ಧ ಕಥೆ ಬಾಕಿ ಇದೆ. ದಾರಿ ಲೆಕ್ಕ ಹಾಕುವವರಿಗೆ ಮೊದಲೇ ಏನೋ ಸರಿಯಿಲ್ಲ ಅನ್ನಿಸಿತ್ತು, ಆದರೆ ತೊಂದರೆಯನ್ನು ದಾಖಲಿಸುವ ಅಧಿಕೃತ ದಾರಿ ಬಿಟ್ಟು ಸುಮ್ನೆ ಇಮೇಲ್‌ನಲ್ಲಿ, ಮಾತಿನಲ್ಲಿ ಹೇಳಿಕೊಂಡು ಹೋದರು, ಅದನ್ನು ಯಾರೂ ಕೊನೆ ಮುಟ್ಟಿಸಲಿಲ್ಲ. ಇದನ್ನು ಕ್ಲಾಸಿನಲ್ಲಿ ಹೇಳಿ, ‘ನೀವಾಗಿದ್ದರೆ ಯಾರಿಗೆ ಏನು ಬರೆಯುತ್ತಿದ್ದಿರಿ, 5 ಸಾಲಿನಲ್ಲಿ ಬರೆಯಿರಿ’ ಅನ್ನಿ. ಆ ದಿನ ಫೋನ್ ಕೆಳಗೆ ಹೋಗುತ್ತದೆ.

ನನ್ನದೂ ಒಂದು ಇದೆ, ಹೇಳಿಬಿಡುತ್ತೇನೆ. ಮೊದಲ ಕೆಲಸದಲ್ಲಿ ಡ್ರಾಯಿಂಗ್‌ನಲ್ಲಿ ರಂಧ್ರದ ಅಳತೆ ತಪ್ಪಿರುವುದನ್ನು ಕಂಡುಹಿಡಿದು, ಬಹಳ ಖುಷಿಯಿಂದ ಮೇಲ್ ಬರೆದೆ. ಮೊದಲು ನಮಸ್ಕಾರ, ಆಮೇಲೆ ಡ್ರಾಯಿಂಗ್‌ನ ಪೂರ್ತಿ ಚರಿತ್ರೆ, ಏಳನೇ ಸಾಲಲ್ಲಿ ತಪ್ಪು. ವಿಷಯದ ಜಾಗದಲ್ಲಿ ‘ಡ್ರಾಯಿಂಗ್ ಬಗ್ಗೆ’. ಅಷ್ಟು ಕೆಳಗೆ ಯಾರೂ ಇಳಿಯಲಿಲ್ಲ. 40 ಪೀಸು ಕೊರೆದು ಗುಜರಿಗೆ ಹೋದವು. ‘ಕೊರೆಯುವುದನ್ನು ನಿಲ್ಲಿಸಿ, ರಂಧ್ರ 12 ಅಲ್ಲ 10 ಮಿಲಿಮೀಟರ್’ ಅಂತ ವಿಷಯದಲ್ಲೇ ಬರೆದಿದ್ದರೆ ಸಾಕಿತ್ತು.

ಈಗ ನಿಮ್ಮ ಲ್ಯಾಬ್‌ಗೆ ಬನ್ನಿ. ಕೌಶಲ ಕಲಿಸುವ ಜಾಗ ಅದೇ, ಶನಿವಾರ ಅಲ್ಲ. ರೆಕಾರ್ಡ್ ಬುಕ್ಕಿನ ಕೊನೆಯಲ್ಲಿ ಎಲ್ಲರೂ ಏನು ಬರೆಯುತ್ತಾರೆ? ‘ಪ್ರಯೋಗವನ್ನು ಯಶಸ್ವಿಯಾಗಿ ನಡೆಸಲಾಯಿತು.’ ಇದಕ್ಕೆ ಸೊನ್ನೆ ಕೊಡಿ. ಅದರ ಬದಲು, ತಂತಿ ಎಳೆತಕ್ಕೆ ಎಷ್ಟು ಬಿಗಿಯಾಗಿ ಎದುರು ನಿಲ್ಲುತ್ತದೆ (ಅದೇ ಯಂಗ್ಸ್ ಮಾಡ್ಯುಲಸ್) ಅಂತ ಅಳೆಯುವ ಪ್ರಯೋಗವಾದರೆ, ಹೀಗೆ ಬರೆಸಿ: ‘ತಂತಿಯ ಯಂಗ್ಸ್ ಮಾಡ್ಯುಲಸ್ 187 ಗಿಗಾಪಾಸ್ಕಲ್ ಬಂತು. ಉಕ್ಕಿಗೆ 200ರ ಆಸುಪಾಸು ಇರಬೇಕು. ವ್ಯಾಸವನ್ನು ಒಂದೇ ಕಡೆ ಅಳೆದಿದ್ದೇವೆ, ಸೂತ್ರದಲ್ಲಿ ಅದರ ವರ್ಗ ಬರುವುದರಿಂದ ಅಲ್ಲಿ ಶೇ 3 ತಪ್ಪಿದರೆ ಉತ್ತರ ಶೇ 6ರಷ್ಟು ತಪ್ಪುತ್ತದೆ. ಮೂರು ಕಡೆ ಅಳೆದು ಮತ್ತೆ ಮಾಡಬೇಕು.’ ಇದು ಬರವಣಿಗೆಯೂ ಹೌದು, ಪ್ರಾಮಾಣಿಕತೆಯೂ ಹೌದು, ಮೆಕ್ಯಾನಿಕಲ್ ಪಾಠವೂ ಹೌದು. ಒಂದು ಸಲ ತಿದ್ದಿ ವಾಪಸ್ ಕೊಟ್ಟು ಮತ್ತೆ ಬರೆಸಿ, ಅಂಕ ಎರಡನೇ ಪ್ರತಿಗೆ. ಎಲ್ಲರದ್ದನ್ನೂ ಎರಡೆರಡು ಸಲ ತಿದ್ದೋಕೆ ನಿಮಗೆ ಪುರುಸೊತ್ತು ಇರುವುದಿಲ್ಲ, ಹಾಗಾಗಿ ಸೆಮಿಸ್ಟರ್‌ಗೆ ಎರಡೇ ಪ್ರಯೋಗಕ್ಕೆ ಮಾಡಿ. ಶನಿವಾರದ ಗಂಟೆಯನ್ನು ಆ ತಿದ್ದುವಿಕೆಗೇ ಇಟ್ಟುಕೊಳ್ಳಿ.

ಪ್ರಶ್ನೆ: ನಮ್ಮ ಪ್ರಾಜೆಕ್ಟ್ ಗ್ರೂಪಿನಲ್ಲಿ 4 ಜನ. ಕೆಲಸ ಎಲ್ಲ ನಂದೇ, ಅಂಕ ಮಾತ್ರ ಎಲ್ಲರಿಗೂ ಸಮ. ಗೈಡ್‌ಗೆ ಹೇಳಿದರೆ ‘ಟೀಮ್‌ವರ್ಕ್ ಕಲಿಯಿರಿ’ ಅನ್ನುತ್ತಾರೆ. ಏನು ಮಾಡಲಿ?

ಉತ್ತರ: ನಿಮ್ಮ ಗೈಡ್ ಹೇಳಿದ್ದು ಈಜು ಬರದವನಿಗೆ ದಡದಲ್ಲಿ ನಿಂತು ‘ಈಜು’ ಅಂದ ಹಾಗಾಯಿತು. ಗ್ರೂಪ್ ಮಾಡಿಕೊಟ್ಟ ಮಾತ್ರಕ್ಕೆ ಟೀಮ್‌ವರ್ಕ್ ಬರುವುದಿಲ್ಲ, ಅದಕ್ಕೆ ವ್ಯವಸ್ಥೆ ಬೇಕು. ಪರಸ್ಪರ ಅಂಕ ಕೊಡುವ ಪದ್ಧತಿಯನ್ನು ನೀವೇ ಅವರಿಗೆ ಸೂಚಿಸಿ. ಪ್ರತಿಯೊಬ್ಬರೂ ನಾಲ್ವರಿಗೂ, ಅಂದರೆ ತಮಗೂ ಸೇರಿಸಿ, ಒಟ್ಟು 400 ಪಾಯಿಂಟ್ ಹಂಚುತ್ತಾರೆ, ಗುಟ್ಟಾಗಿ, ಕಾರಣ ಬರೆದು. ಸರಾಸರಿ 100 ಬಂದವರಿಗೆ ಗ್ರೂಪಿನ ಅಂಕವೇ ಸಿಗುತ್ತದೆ. ಗ್ರೂಪಿಗೆ 50ಕ್ಕೆ 40 ಬಂದಿದ್ದರೆ, 120 ಪಡೆದವರಿಗೆ 48, 70 ಪಡೆದವರಿಗೆ 28. ಇದನ್ನು ಸೆಮಿಸ್ಟರ್ ಮಧ್ಯದಲ್ಲಿ ಒಂದು ಸಲ ಅಂಕವಿಲ್ಲದೆ ಮಾಡಬೇಕು. ಬರೀ ಕೊನೆಯಲ್ಲಿ ಮಾಡಿದರೆ ಅದು ಸೇಡು ತೀರಿಸಿಕೊಳ್ಳುವುದಷ್ಟೇ, ಸುಧಾರಿಸೋಕೆ ಯಾರಿಗೂ ಅವಕಾಶ ಸಿಗುವುದಿಲ್ಲ. ಸ್ನೇಹಿತರು ಮಾತಾಡಿಕೊಂಡು 100-100 ಹಾಕುವುದೂ ಉಂಟು, ಅದಕ್ಕೇ ಕಾರಣ ಬರೆಸುವುದು.

ಅಲ್ಲಿಯವರೆಗೆ ವಾರಕ್ಕೊಂದು ಸಲ 15 ನಿಮಿಷ ಕೂತು ಮೂರೇ ವಿಷಯ ಬರೆದಿಡಿ: ಯಾರು, ಏನು, ಯಾವತ್ತಿಗೆ. ‘ನಾವು ಸೆನ್ಸರ್ ನೋಡೋಣ’ ಅಂತ ಬರೆದರೆ ಅದನ್ನು ಯಾರೂ ನೋಡುವುದಿಲ್ಲ.

ಒಂದು ಮಾತು ಕೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಅವರು ಬರೆದ ಕೋಡನ್ನು ನೀವು ರಾತ್ರಿ 2 ಗಂಟೆಗೆ ಅಳಿಸಿ ನಿಮ್ಮದನ್ನು ಹಾಕಿದ್ದು ಉಂಟಾ? ‘ಎಲ್ಲ ನಂದೇ’ ಅನ್ನುವ ಸುಮಾರು ಜನರ ಕಥೆ ಇದೇ. ಎರಡು ಸಲ ಹಾಗಾದರೆ ಮೂರನೇ ಸಲ ಅವರು ಯಾಕೆ ಬರೆಯುತ್ತಾರೆ? ಹಾಗೇನೂ ಆಗಿಲ್ಲ ಅಂದರೆ ನನ್ನ ಮಾತು ವಾಪಸ್.

ಪ್ರಶ್ನೆ: ರೆಸ್ಯೂಮೆಯಲ್ಲಿ ಕೌಶಲಗಳು ಅನ್ನುವ ಕಡೆ ‘ಟೀಮ್ ಪ್ಲೇಯರ್, ಶ್ರಮಜೀವಿ, ಬೇಗ ಕಲಿಯುತ್ತೇನೆ’ ಅಂತ ಹಾಕಿದ್ದೇನೆ. ಸಾಕಾ?

ಉತ್ತರ: ಮೂರನ್ನೂ ತೆಗೆದುಹಾಕಿ. ‘ಸೋಮಾರಿ’ ಅಂತ ಯಾರಾದರೂ ಬರೆದುಕೊಳ್ಳುತ್ತಾರಾ? ಆ ಜಾಗದಲ್ಲಿ ಒಂದು ಘಟನೆ ಹಾಕಿ: ‘ಪರೀಕ್ಷೆಯ ಹೊತ್ತಿಗೆ ಮೋಟರ್ ಬಿಸಿಯಾಗಿ ನಿಲ್ಲುತ್ತಿತ್ತು, ಲೋಡ್ ಮತ್ತೆ ಅಳೆದು ಗೇರ್ ಅನುಪಾತ ಬದಲಿಸಿದೆ, ಆಮೇಲೆ 1 ಗಂಟೆ ನಿಲ್ಲದೆ ಓಡಿತು.’ ಸಂದರ್ಶನದಲ್ಲಿ ಅವರು ಕೇಳುವುದು ಇದನ್ನೇ. ಮೊದಲು ಏನು ತಪ್ಪು ಊಹಿಸಿದ್ದಿರಿ ಅಂತಲೂ ಕೇಳುತ್ತಾರೆ, ಅದನ್ನೂ ನೆನಪಿಟ್ಟುಕೊಂಡು ಹೋಗಿ.