ಭಾಗೀರಥಿಯ ಅತ್ತೆ ಮಾವನಿಗೆ ಏನಾಯಿತು?

ಒಂದು ಸಮಾಜ ಯಾವುದನ್ನು ಧರ್ಮ, ನೀತಿ ಅಂತ ನಂಬುತ್ತದೋ ಅದು ಅದರ ಕತೆ, ಹಾಡುಗಳಲ್ಲಿ ನಿಜವಾಗಿ ಕಾಣುತ್ತದಾ ಅಂತ ಕೇಳಿದ್ದೀರಿ. ಕಾಣುತ್ತದೆ. ಆದರೆ ನೀತಿಪಾಠ ಹುಡುಕಿಕೊಂಡು ಹೋದರೆ ಅರ್ಧ ಮಾತ್ರ ಸಿಗುತ್ತದೆ.

ಇಂಥ ಪ್ರಶ್ನೆ ಬಂದಾಗ ಎಲ್ಲರೂ ಮೊದಲು ಪುಣ್ಯಕೋಟಿಯ ಹೆಸರು ಹೇಳುತ್ತಾರೆ. ಕೊಟ್ಟ ಮಾತಿಗೆ ತಪ್ಪದ ಹಸು, ನಾಚಿ ಪ್ರಾಣಬಿಟ್ಟ ಹುಲಿ. ಸರಿಯೇ. ನನ್ನನ್ನು ಜಾಸ್ತಿ ಕಾಡಿದ್ದು ಮಾತ್ರ 'ಕೆರೆಗೆ ಹಾರ', ಉತ್ತರ ಕರ್ನಾಟಕದ ಜನಪದ ಕಥನಗೀತೆ. ಇಲ್ಲಿ ಹಾರ ಅಂದರೆ ಹೂಮಾಲೆ ಅಲ್ಲ, ಬಲಿ.

ಕಲ್ಲನಕೇರಿಯ ಮಲ್ಲನಗೌಡ ಕೆರೆ ಕಟ್ಟಿಸುತ್ತಾನೆ. ಹನಿ ನೀರೂ ಬೀಳುವುದಿಲ್ಲ. ಜೋಯಿಸರಿಂದ ಶಾಸ್ತ್ರದ ಹೊತ್ತಿಗೆ ತೆಗೆಸಿ ಕೇಳಿದರೆ ಸೊಸೆಯನ್ನು ಬಲಿ ಕೊಡಬೇಕು ಅಂತ ಬರುತ್ತದೆ. ಯಾವ ಸೊಸೆ? ಹಿರಿಯವಳನ್ನು ಕೊಟ್ಟರೆ ಮನೆಯ ಹಿರಿತನಕ್ಕೆ ಯಾರಿದ್ದಾರೆ? ಹಾಗಾಗಿ ಕಿರಿಸೊಸೆ ಭಾಗೀರಥಿ. ಗಂಡ ಮಾದೇವರಾಯ ದಂಡಿಗೆ ಹೋಗಿದ್ದಾನೆ, ಕೇಳುವವರೂ ಇಲ್ಲ. ಮನೆಯೊಳಗಿನ ಲೆಕ್ಕಾಚಾರ ಎಷ್ಟು ತಣ್ಣಗಿದೆ ನೋಡಿ.

ಬರಗಾಲದ ಸೀಮೆಯಲ್ಲಿ ಕೆರೆ ಕಟ್ಟಿಸುವುದು ದೊಡ್ಡ ಪುಣ್ಯದ ಕೆಲಸ. ಊರಿಗಾಗಿ ಒಂದು ಜೀವ ಹೋದರೆ ಹೋಗಲಿ ಅನ್ನುವ ನಂಬಿಕೆ, ಹಿರಿಯರಿಗೆ ಎದುರಾಡದ ಸೊಸೆ, ಗಂಗಮ್ಮನ ಪೂಜೆ, ಎಲ್ಲವೂ ಈ ಹಾಡಿನಲ್ಲಿವೆ. ಇದನ್ನಷ್ಟೇ ನೋಡಿದರೆ ತ್ಯಾಗವನ್ನು ಹೊಗಳುವ ಹಾಡು ಅನ್ನಿಸಬಹುದು. ಆದರೆ ಹಾಡು ಎಲ್ಲಿ ನಿಂತು ನಿಂತು ಸಾಗುತ್ತದೆ ಅಂತ ಗಮನಿಸಿ. ಕೆರೆ ಕಟ್ಟಿದ್ದು, ಬಲಿ ತೀರ್ಮಾನಿಸಿದ್ದು ಕೆಲವೇ ಸಾಲಲ್ಲಿ ಮುಗಿದುಹೋಗುತ್ತದೆ. ಭಾಗೀರಥಿ ತವರಿಗೆ ಹೋಗಿದ್ದು ಹಾಗಲ್ಲ. ಅಪ್ಪ ಅವ್ವ ಕೇಳಿದರೆ, ಅತ್ತೆ ಮಾವ ಬೇರೆ ಇಡುತ್ತಾರಂತೆ ಅಂತ ಸುಳ್ಳು ಹೇಳುತ್ತಾಳೆ. ಇಟ್ಟರೆ ಇಡಲಿ ಬಿಡು ಅಂತಾರೆ ಅವರು. ನಿಜ ಹೇಳುವುದು ಗೆಳತಿಗೆ ಮಾತ್ರ. ಗೆಳತಿಯಾದರೂ ಏನು ಮಾಡುತ್ತಾಳೆ? ಆಮೇಲೆ ಪೂಜೆ ಮುಗಿಸಿ ಬರುವಾಗ ಬಂಗಾರದ ಬಟ್ಟಲು ಮರೆತರು ಅನ್ನುವ ನೆಪ. ತರಲು ಇವಳೇ ಹೋಗಬೇಕು. ಮೆಟ್ಟಿಲು ಮೆಟ್ಟಿಲಿಗೆ ನೀರು ಪಾದಕ್ಕೆ, ಮೊಣಕಾಲಿಗೆ, ನಡುವಿಗೆ ಬರುತ್ತದೆ. ಗಂಡ ಕೆಟ್ಟ ಕನಸು ಕಂಡು ಓಡಿಬಂದು ಅದೇ ಕೆರೆಗೆ ಹಾರುತ್ತಾನೆ.

ರೂಢಿ ಗೌಡನ ಕಡೆಗಿದೆ, ಕಣ್ಣೀರು ಭಾಗೀರಥಿಯ ಕಡೆಗಿದೆ. ಹಾಡಿದ ಹೆಂಗಸರು ಆ ರೂಢಿಯನ್ನು ಬಾಯಿಬಿಟ್ಟು ಬೈಯಲಿಲ್ಲ. ರಾಗ ಎಳೆದು ಅತ್ತರು ಅಷ್ಟೇ.

ದಕ್ಷಿಣಕ್ಕೆ ಬಂದರೆ ಹಾಡು ಇಷ್ಟು ಸುಮ್ನೆ ಇರುವುದಿಲ್ಲ. ಮಲೆ ಮಾದೇಶ್ವರನ ಕಾವ್ಯವನ್ನು ಕಂಸಾಳೆಯವರು, ಅಂದರೆ ಕಂಚಿನ ತಾಳ ಹಿಡಿದು ಹಾಡುವ ಅವನ ಭಕ್ತರು, ರಾತ್ರಿಯಿಡೀ ಹಾಡುತ್ತಾರೆ. ಅದರಲ್ಲಿ ಸಂಕಮ್ಮನ ಸಾಲು ಅಂತ ಒಂದು ಭಾಗ ಇದೆ. ಬೇಟೆಗೆ ಹೊರಟ ಗಂಡ ಸಂಕಮ್ಮನಿಗೆ, ನೀನು ಬರುವವರೆಗೆ ಪತಿವ್ರತೆಯಾಗಿರುತ್ತೇನೆ ಅಂತ ಬಲಗೈ ಭಾಷೆ ಕೊಡು ಅಂತಾನೆ. ಅವಳು ಕೊಡುವುದಿಲ್ಲ. ಅವನು ಚಿತ್ರಹಿಂಸೆ ಕೊಡುತ್ತಾನೆ. ದೇವರು ಬಂದು ಅವಳ ಪಕ್ಕ ನಿಲ್ಲುತ್ತಾನೆ! ಹೆಂಡತಿಯ ಮೇಲೆ ಅನುಮಾನ ಪಡುವ ಗಂಡಸರೂ ಅದನ್ನು ಕೈಮುಗಿದು ಕೇಳಿರುತ್ತಾರೆ, ಅಲ್ವಾ?

ಚಿಕ್ಕವನಿದ್ದಾಗ ಅಜ್ಜಿಯನ್ನು ಕೇಳಿದ್ದೆ, ಭಾಗೀರಥಿಯ ಅತ್ತೆ ಮಾವನಿಗೆ ಕೊನೆಗೆ ಏನಾಯಿತು ಅಂತ. ಅಜ್ಜಿ ಧಾರವಾಡದ ಕಡೆಯವರು. "ಹಾಡಿನ್ಯಾಗ ಅದಿಲ್ಲಪಾ" ಅಂದರು. ಸ್ವಲ್ಪ ಹೊತ್ತು ಬಿಟ್ಟು, "ಅದ ಕೆರಿ ನೀರು ಕುಡ್ಕೊಂತ ಇದ್ದಿರಬೇಕು."