ಪ್ರಾಣಾಯಾಮಕ್ಕಿಂತ ಮೊದಲು ಪಾಳಿ ಪಟ್ಟಿ

ಕೊಪ್ಪಳದ ಗಿಣಿಗೇರಾ ಕಡೆಯ ಕಾರ್ಖಾನೆಯೊಂದರ ಸೂಪರ್‌ವೈಸರ್ ಒಬ್ಬರ ಪತ್ರ ಇದು: "ನಮ್ಮಲ್ಲಿ ಒತ್ತಡ ಕಡಿಮೆ ಮಾಡೋಕೆ ಪ್ರಾಣಾಯಾಮ ಶಿಬಿರ ಇಟ್ಟೆವು. ಕಾರ್ಮಿಕರು ಅಲ್ಲೇ ತೂಕಡಿಸಿದರು, ಅರ್ಧ ಜನ ಬರಲೇ ಇಲ್ಲ. ಸಣ್ಣಪುಟ್ಟ ಅವಘಡ ಮಾತ್ರ ನಿಂತಿಲ್ಲ. ತಮ್ಮ ಆರೋಗ್ಯದ ಬಗ್ಗೆ ಇವರಿಗೇ ಕಾಳಜಿ ಇಲ್ಲದಿದ್ದರೆ ಏನು ಮಾಡೋದು?"

ಪ್ರಾಣಾಯಾಮ ಒಳ್ಳೆಯದು ಸರ್. ಮಾಡುವವರು ಖಂಡಿತ ಮಾಡಲಿ. ಆದರೆ ಶಿಬಿರದಲ್ಲಿ ಅವರು ಯಾಕೆ ತೂಕಡಿಸಿದರು ಅಂತ ನೀವು ಕೇಳಲಿಲ್ಲವಲ್ಲ, ಅದು ನನಗೆ ಬೇಸರ ತಂದಿತು. ರಾತ್ರಿ ಪಾಳಿ ಮುಗಿಸಿದವರನ್ನೇ ಕೂರಿಸಿದ್ದಿರಾ? ಪಾಳಿ ಬಿಡಿಸುವ ರಿಲೀವರ್ ಬಾರದೆ ಡಬಲ್ ಡ್ಯೂಟಿ ಮಾಡಿದವರು ಅವರಲ್ಲಿ ಎಷ್ಟು ಜನ?

ಹೊಸಪೇಟೆ ಬಸ್ಸಿನಲ್ಲಿ ಪಕ್ಕದಲ್ಲಿ ಕೂತಿದ್ದ ಗುತ್ತಿಗೆ ಕಾರ್ಮಿಕನೊಬ್ಬ ನನಗೆ ಹೇಳಿದ್ದು ಹೀಗೆ: "ಉಸಿರು ಎಳ್ಕೊಳ್ಳಾಕ ಹೇಳ್ತಾರ್ರೀ, ಮಲಗಾಕ ಯಾರೂ ಹೇಳಂಗಿಲ್ಲ." ಅವನ ಬಾಡಿಗೆ ಕೋಣೆಗೆ ತಗಡಿನ ಸೂರು. ಮೇ ತಿಂಗಳ ಬಿಸಿಲಲ್ಲಿ, ನಲವತ್ತು ಡಿಗ್ರಿ ದಾಟಿದ ಹಗಲಲ್ಲಿ, ಅದರ ಕೆಳಗೆ ಮಲಗಿ ಯಾರಿಗೆ ನಿದ್ದೆ ಬರುತ್ತದೆ ಹೇಳಿ? ಸಂಜೆ ಎದ್ದು ಮತ್ತೆ ಕುಲುಮೆ ಮುಂದೆ ನಿಲ್ಲಬೇಕು.

ಹದಿನೇಳು ಗಂಟೆ ಎಚ್ಚರ ಇದ್ದವರ ಕೈ-ಕಣ್ಣು ಹೇಗೆ ಕೆಲಸ ಮಾಡುತ್ತವೆ ಅಂತ 1997ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರು ಅಳೆದರು. ರಕ್ತದಲ್ಲಿ ಶೇ 0.05ರಷ್ಟು ಮದ್ಯ ಇದ್ದವರ ಮಟ್ಟಕ್ಕೇ ಅವು ಇಳಿದಿದ್ದವು. ಕುಡಿದು ಬಂದವನನ್ನು ನೀವು ಗೇಟಿನಲ್ಲೇ ತಡೆಯುತ್ತೀರಿ. ನಿದ್ದೆಗೆಟ್ಟವನನ್ನು "ಇನ್ನೊಂದು ಪಾಳಿ ನೋಡ್ಕೋ" ಅಂತ ಉಳಿಸಿಕೊಳ್ಳುತ್ತೀರಿ.

ಒತ್ತಡ ಮನಸ್ಸಿನದು ಮಾತ್ರ ಅನ್ನುವವರಿಗೆ ನಾನು ಲಂಡನ್ನಿನ ಸರ್ಕಾರಿ ನೌಕರರ ಅಧ್ಯಯನ ತೋರಿಸುತ್ತೇನೆ. 1967ರಲ್ಲಿ ಶುರುವಾದದ್ದು. ಹೃದ್ರೋಗದಿಂದ ಸತ್ತವರು ದೊಡ್ಡ ಸಾಹೇಬರಿಗಿಂತ ಕೆಳಗಿನ ದರ್ಜೆಯವರಲ್ಲೇ ಜಾಸ್ತಿ. ತನ್ನ ಕೆಲಸದ ಮೇಲೆ ತನಗೇ ಹಿಡಿತ ಇಲ್ಲದವರಿಗೆ ಹೃದ್ರೋಗ ಹೆಚ್ಚು ಅಂತ ಎರಡನೇ ಸುತ್ತಿನ ಅಧ್ಯಯನ ಕಂಡುಕೊಂಡಿತು. ವಾರಕ್ಕೆ 55 ಗಂಟೆ ಅಥವಾ ಅದಕ್ಕಿಂತ ಹೆಚ್ಚು ದುಡಿಯುವವರಿಗೆ, 35-40 ಗಂಟೆ ದುಡಿಯುವವರಿಗಿಂತ ಪಾರ್ಶ್ವವಾಯುವಿನ ಅಪಾಯ ಶೇ 35ರಷ್ಟು ಹೆಚ್ಚು ಅಂತ 2021ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ಹೇಳಿದವು.

ಇದೇನು ಹೊಸ ತಿಳಿವಳಿಕೆ ಅಲ್ಲ. 1948ರ ಕಾರ್ಖಾನೆ ಕಾಯ್ದೆಯಲ್ಲೇ ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ, ಅದರ ಮೇಲಾದರೆ ಎರಡು ಪಟ್ಟು ಕೂಲಿ ಅಂತ ಬರೆದಿದ್ದರು. 2023ರಲ್ಲಿ ನಮ್ಮ ರಾಜ್ಯವೇ ವಾರದ 48 ಗಂಟೆ ಹಾಗೇ ಇಟ್ಟು, ದಿನಕ್ಕೆ 12 ಗಂಟೆಯವರೆಗೆ ದುಡಿಸಬಹುದು ಅಂತ ತಿದ್ದುಪಡಿ ತಂದಿತು. ತೋರಣಗಲ್ಲಿನ ಉಕ್ಕು, ಹಟ್ಟಿಯ ಚಿನ್ನ, ಶಕ್ತಿನಗರದ ಕರೆಂಟು ಎಲ್ಲ ಈ ಸೀಮೆಯ ಜನರ ಮೈಯಿಂದ ಹುಟ್ಟುತ್ತದೆ. ಆ ಮೈ ಎಷ್ಟು ಹೊತ್ತು ತಡೆದೀತು ಅಂತ ವಿಧಾನಸೌಧದಲ್ಲಿ ಕೂತು ಲೆಕ್ಕ ಹಾಕಿದರೆ ನನಗೆ ಸಿಟ್ಟು ಬರುತ್ತದೆ.

ನಮ್ಮ ವೃತ್ತಿಯವರ ಮೇಲೂ ಸಿಟ್ಟಿದೆ. ಒಬ್ಬ ಕನ್ವೇಯರ್ ಬೆಲ್ಟಿಗೆ ಸಿಕ್ಕಿದರೆ "ಕಾರ್ಮಿಕನ ನಿರ್ಲಕ್ಷ್ಯ" ಅಂತ ಎರಡು ಸಾಲು ಸುದ್ದಿ. ಅವನು ಎಷ್ಟನೇ ಗಂಟೆಯ ಡ್ಯೂಟಿಯಲ್ಲಿದ್ದ, ಸತತ ಎಷ್ಟನೇ ರಾತ್ರಿ ಅದು ಅಂತ ಯಾವ ವರದಿಗಾರನೂ ಕೇಳುವುದಿಲ್ಲ.

ನೀವು ಕೇಳಬಹುದು ಸರ್. ಪತ್ರ ಬರೆಯುವಷ್ಟು ಕಳಕಳಿ ಇರುವ ಸೂಪರ್‌ವೈಸರ್‌ಗಳು ಕಡಿಮೆ, ಅದಕ್ಕೇ ನಿಮಗೆ ಹೇಳುತ್ತಿದ್ದೇನೆ. ನಿಮ್ಮ ಅವಘಡದ ರಿಜಿಸ್ಟರಿನಲ್ಲಿ ಎಷ್ಟನೇ ಗಂಟೆಯ ಡ್ಯೂಟಿ, ಸತತ ಎಷ್ಟನೇ ರಾತ್ರಿ ಅನ್ನುವ ಈ ಎರಡಕ್ಕೂ ಒಂದೊಂದು ಕಾಲಂ ಎಳೆಯಿರಿ. ಬೆರಳು ಜಜ್ಜಿದ್ದು, ಕಾಲು ಜಾರಿದ್ದು, ಕೂದಲೆಳೆಯಲ್ಲಿ ತಪ್ಪಿದ್ದು ಯಾವುದನ್ನೂ ಬಿಡಬೇಡಿ. ಆರು ತಿಂಗಳಾದ ಮೇಲೆ ಆ ಪುಟಗಳನ್ನು ಮ್ಯಾನೇಜರ್ ಮುಂದಿಟ್ಟು ಪಾಳಿ ಪಟ್ಟಿಯ ಮಾತು ತೆಗೆಯಿರಿ. ಹೆಸರುಗಳನ್ನು ಮುಚ್ಚಿ ನಮಗೂ ಒಂದು ಪ್ರತಿ ಕಳಿಸಿ, ಅಚ್ಚು ಹಾಕುತ್ತೇವೆ.

- ಸಂ.